ಜರಡಿ ತುಂಬ ಹಿಮ

ಆಗೆಲ್ಲ ಡಿಸೆಂಬರ್ ಬಂತೆಂದರೆ ಸಂಜಯನಗರದ ನಮ್ಮ ಮನೆಯಲ್ಲಿ ಒಂದು ಹಾಸಿಗೆ ಕಡಿಮೆಯಾಗುತ್ತಿತ್ತು. ಅಪ್ಪ ಅದರ ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ಚೀಲಕ್ಕೆ ತುಂಬಿ, ತಮ್ಮ ಫೋಟೋ ಸ್ಟುಡಿಯೋಗೆ ಹೊತ್ತೊಯ್ಯುತ್ತಿದ್ದರು. ಅಲ್ಲಿ ಅದು ಹಿಮವಾಗುತ್ತಿತ್ತು. ಸಂಕ್ರಾಂತಿ ಮುಗಿದ ಮೇಲೆ ಮತ್ತೆ ಹಾಸಿಗೆಯಾಗಿ ಮನೆಗೆ ಬರುತ್ತಿತ್ತು. ಬಡಾವಣೆಯವರೆಲ್ಲ ನಿಂತು ತುಳಿದ ಹಿಮದ ಮೇಲೆ ನಾವು ವರ್ಷವಿಡೀ ಮಲಗುತ್ತಿದ್ದೆವು.

ಸ್ಟುಡಿಯೋ ಇದ್ದದ್ದು ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ರಸ್ಕಿನ ಘಮ, ಒಳಗೆ ಹೋದರೆ ಕಾದ ದೀಪಗಳ ಮೇಲೆ ಧೂಳು ಸುಡುವ ವಾಸನೆ, ಸ್ವೆಟರುಗಳಿಂದ ನುಸಿಗುಳಿಗೆಯ ವಾಸನೆ. ಹಿಂದೆ ಹಿಮಪರ್ವತದ ಪರದೆ. ಅದನ್ನು ಬರೆದವರು ಯಶವಂತಪುರದಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವರು. ಪಾಪ, ಅವರು ಹಿಮವನ್ನು ಎಲ್ಲಿ ಕಂಡಿದ್ದರು? ಬೆಟ್ಟದ ಬುಡದಲ್ಲಿ ಎರಡು ತೆಂಗಿನ ಮರ ಇಟ್ಟಿದ್ದರು. ಅಪ್ಪ ಗಿರಾಕಿಗಳನ್ನು ಸರಿಯಾಗಿ ಆ ತೆಂಗಿನ ಮರಗಳಿಗೆ ಅಡ್ಡಲಾಗಿ ನಿಲ್ಲಿಸುತ್ತಿದ್ದರು. ಇದ್ದದ್ದು ನಾಲ್ಕೇ ಸ್ವೆಟರ್; ದೊಗಳೆಯಾದವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು. ಕಿಟಕಿಯಿಲ್ಲದ ಕೋಣೆ, ಫ್ಯಾನ್ ಹಾಕಿದರೆ ಹಿಮ ಹಾರಿಹೋಗುತ್ತಿತ್ತು. ಎಲ್ಲರೂ ಬೆವರುತ್ತ, ಚಳಿಗೆ ನಡುಗುವವರ ಮುಖ ಮಾಡಿಕೊಂಡು ನಿಲ್ಲುತ್ತಿದ್ದರು.

ಮೇಲಿಂದ ಬೀಳುವ ಹಿಮ ನನ್ನ ಜವಾಬ್ದಾರಿ. ನನಗಾಗ ಒಂಬತ್ತು ವರ್ಷ. ಕ್ಯಾರೆಟ್ ತುರಿಯುವ ಮಣೆಯ ಮೇಲೆ ಥರ್ಮೋಕೋಲ್ ತುರಿದು (ಒಂದು ಸಲ ಉಪ್ಪಿಟ್ಟಿನಲ್ಲೂ ಅದು ಸಿಕ್ಕಿ ಬೈಸಿಕೊಂಡಿದ್ದೆ), ದೊಡ್ಡ ಕಣ್ಣಿನ ಜರಡಿಗೆ ತುಂಬಿಕೊಂಡು, ಕಬ್ಬಿಣದ ಏಣಿಯ ತುದಿಯಲ್ಲಿ ಕೂರುತ್ತಿದ್ದೆ. ಅಪ್ಪ ಒಂದು, ಎರಡು, ಮೂರು ಎಣಿಸುವರು. ಎರಡಕ್ಕೆ ನಾನು ಜರಡಿ ಅಲ್ಲಾಡಿಸಬೇಕು, ಮೂರಕ್ಕೆ ಫೋಟೋ.

“ಒಂದೇ ಸಲ ಅಲ್ಲಾಡ್ಸು ಪುಟ್ಟಿ. ಜಾಸ್ತಿ ಬಿದ್ರೆ ಮುಖಾನೇ ಹೋಗ್ಬಿಡುತ್ತೆ,” ಎಂದು ದಿನಾ ಹೇಳುತ್ತಿದ್ದರು.

ಅಮ್ಮನ ಕೆಲಸ ಸುಮ್ಮನೆ ನಿಲ್ಲುವುದು. ಗಿರಾಕಿಗಳು ಪೌಡರ್ ಹಚ್ಚಿಕೊಳ್ಳುವಷ್ಟರಲ್ಲಿ ಅಪ್ಪ ಅವಳನ್ನು ಹತ್ತಿಯ ಮೇಲೆ ನಿಲ್ಲಿಸಿ, ದೀಪ ಹಿಂದೆ ಮುಂದೆ ಮಾಡಿ, ಫೋಕಸ್ ಹಿಡಿದು, “ಸಾಕು, ಬಾ,” ಎನ್ನುತ್ತಿದ್ದರು. ಅಮ್ಮ ಪಕ್ಕಕ್ಕೆ ಸರಿಯುತ್ತಿದ್ದಳು. ಅವಳ ಹೆಜ್ಜೆಯ ಗುರುತಿನಲ್ಲೇ ಗಿರಾಕಿ ಬಂದು ನಿಲ್ಲುತ್ತಿದ್ದರು. ಆ ಸ್ಟುಡಿಯೋದಲ್ಲಿ ಯಾರ ಮುಖದ ಮೇಲೆ ಬಿದ್ದ ಬೆಳಕೂ ಮೊದಲು ಅಮ್ಮನ ಮುಖದ ಮೇಲೆ ಬಿದ್ದದ್ದೇ. ಆ ಮುಖದ್ದು ಮಾತ್ರ ಒಂದೂ ಫೋಟೋ ನಮ್ಮಲ್ಲಿರಲಿಲ್ಲ. ಮದುವೆ ಆಲ್ಬಮ್ಮಿಗೆ ಒಂದು ಮಳೆಗಾಲ ನೀರು ಸೋರಿ, ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಹೋಗಿದ್ದವು. ಮತದಾರರ ಗುರುತಿನ ಚೀಟಿಯಲ್ಲಿದ್ದ ಮಸಿಮಸಿ ಮುಖವನ್ನು ಯಾರ ಅಮ್ಮ ಎಂದರೂ ನಡೆಯುತ್ತಿತ್ತು. ನೆಂಟರ ಮದುವೆಗಳಲ್ಲಿ ಕ್ಯಾಮೆರಾ ಅಪ್ಪನದು, ಲೈಟು ಹಿಡಿಯುವವಳು ಅಮ್ಮ. ಕೆಲವು ಚಿತ್ರಗಳ ಅಂಚಿನಲ್ಲಿ ಅವಳ ಮೊಣಕೈ ಇದೆ.

ಅದು ಫಿಲ್ಮ್ ರೋಲಿನ ಕಾಲ. ಕೊನೆಗೆ ಒಂದೆರಡು ಚಿತ್ರದಷ್ಟು ಜಾಗ ಉಳಿದರೆ, ರೋಲು ಬೇಗ ತೊಳೆಯಲು ಹೋಗಲೆಂದು ಅಪ್ಪ ಮೂಲೆಯ ಖಾಲಿ ಸ್ಟೂಲಿನ ಫೋಟೋ ತೆಗೆದು ಮುಗಿಸುತ್ತಿದ್ದರು. ಆ ವರ್ಷ ಸಂಕ್ರಾಂತಿಯ ಹಿಂದಿನ ದಿನ ಒಂದು ಉಳಿಯಿತು. ಅವರೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮ ಕೈ ಒರೆಸಿಕೊಂಡು ಎದ್ದಳು.

“ರೀ, ಆ ಸ್ಟೂಲ್ ಏನ್ ಪುಣ್ಯ ಮಾಡಿತ್ತೋ! ಇವತ್ತು ನಂದೊಂದು ತೆಗೀರಿ.”

ಅಪ್ಪ ನಕ್ಕರು. “ನಿನ್ನ ದಿನಾ ನೋಡ್ತೀನಲ್ಲೇ.”

“ನೀವು ನೋಡ್ತೀರ. ನಾನೆಲ್ಲಿ ನೋಡ್ದೆ?”

ನೀಲಿ ಸ್ವೆಟರ್ ಹಾಕಿಕೊಂಡಳು. ಕನಕಾಂಬರ ಮುಡಿದ ಜಡೆಯನ್ನು ಮುಂದೆ ತಂದುಕೊಂಡಳು. ದಿನಕ್ಕೆ ಇಪ್ಪತ್ತು ಸಲ ಅದೇ ಜಾಗದಲ್ಲಿ ನಿಂತವಳಿಗೆ ಅವತ್ತು ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಏಣಿಯ ಮೇಲಿಂದ ನೋಡುತ್ತಿದ್ದ ನನಗೆ ಸಂಭ್ರಮ ತಡೆಯಲಾಗಲಿಲ್ಲ. ಊರವರಿಗೆಲ್ಲ ಜಿಪುಣತನ ಮಾಡಿದ್ದಾಯಿತು, ಅಮ್ಮನಿಗಾದರೂ ಧಾರಾಳವಾಗಿ ಕೊಡೋಣ ಅನಿಸಿತು. ಅಪ್ಪ “ಎರಡು” ಅಂದ ಕೂಡಲೇ ಜರಡಿಯನ್ನೇ ಮಗುಚಿಬಿಟ್ಟೆ. ಅಪ್ಪ ತಡೆಯುವಷ್ಟರಲ್ಲಿ ಮೂರಕ್ಕೆ ಅವರ ಬೆರಳು ಒತ್ತಿಯಾಗಿತ್ತು.

ಪ್ರಿಂಟ್ ಬಂದಾಗ ಅಮ್ಮನ ಎಡಗಣ್ಣು ಇರಲಿಲ್ಲ. ಮೂಗಿನ ಪಕ್ಕ, ತುಟಿಯ ಮೇಲೆ, ಗಲ್ಲದ ತುಂಬ ಬಿಳಿ ಚುಕ್ಕೆಗಳು. ಅಳುವುದಕ್ಕೆ ಶುರು ಮಾಡಿದವಳು ನಾನು, ನಕ್ಕವಳು ಅಮ್ಮ. “ಅಯ್ಯೋ, ಹಿಟ್ಟಿನ ಡಬ್ಬಿಯಿಂದ ಎದ್ದು ಬಂದಂಗಿದೀನಿ! ಬಿಡು ಪುಟ್ಟಿ, ಮುಂದಿನ ವರ್ಷ ತೆಗ್ಸೋಣ.” ಅಪ್ಪ ನೆಗೆಟಿವ್ ಅನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. “ಇದ್ರಲ್ಲೇ ಹಂಗೆ ಬಂದಿದೆ. ಏನೂ ಮಾಡಕ್ಕಾಗಲ್ಲ,” ಅಂದರು.

ಮುಂದಿನ ಡಿಸೆಂಬರಿಗೆ ಅಮ್ಮ ಇರಲಿಲ್ಲ. ದೀಪಾವಳಿಗೆ ಮುಂಚೆ ಜ್ವರ ಬಂತು, ಎಂಟೇ ದಿನ. ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದ ನನ್ನ ಹತ್ತಿರ ಬಂದು ಅಪ್ಪ ಅದೇ ದನಿಯಲ್ಲಿ, “ಏನೂ ಮಾಡಕ್ಕಾಗಲ್ವಂತೆ ಪುಟ್ಟಿ,” ಅಂದರು. ಏನಾದರೂ ಮಾಡಿ ಎಂದು ನಾನು ಅವರ ಅಂಗಿ ಹಿಡಿದು ಜಗ್ಗಿದೆ. ಅವರಿಗೆ ಜಗ್ಗಲು ಯಾರ ಅಂಗಿಯೂ ಇರಲಿಲ್ಲ.

ವೈಕುಂಠ ಸಮಾರಾಧನೆಗೆ ಹಾರ ಹಾಕಲು ಒಂದು ಫೋಟೋ ಬೇಕಾಯಿತು. ಎರಡು ದಿನ ಅಪ್ಪ ಡಬ್ಬಿ ಡಬ್ಬಿ ನೆಗೆಟಿವ್ ಹುಡುಕಿದರು. ಸ್ಟೂಲಿನ ಫೋಟೋಗಳು ಬೇಕಾದಷ್ಟು ಸಿಕ್ಕವು. ಅಮ್ಮನದು ಸಿಕ್ಕಿದ್ದು ಹಿಮದ್ದೊಂದೇ. ಅದನ್ನು ದೊಡ್ಡದು ಮಾಡಿಸಿ ತಂದು, ತೆಳ್ಳನೆಯ ಕುಂಚ ಹಿಡಿದು ಚುಕ್ಕೆಗಳನ್ನು ತುಂಬಲು ಕೂತರು. ಬೇರೆಯವರ ಮೊಡವೆ, ಕಲೆ, ನರೆಗೂದಲನ್ನೆಲ್ಲ ಅದೇ ಕುಂಚದಿಂದ ಅಳಿಸಿದವರು. ಕಣ್ಣಿನ ಹತ್ತಿರ ಬಂದಾಗ ಕೈ ನಿಂತಿತು.

“ಅವಳ ಕಣ್ಣು ಹೆಂಗಿತ್ತು ಅಂತ ನಂಗೊತ್ತು. ಕೈಗೆ ಬರ್ತಿಲ್ಲ,” ಅಂದರು.

ಕುಂಚ ತೊಳೆದಿಟ್ಟರು. ಚುಕ್ಕೆಗಳ ಸಮೇತವೇ ಕಟ್ಟು ಹಾಕಿಸಿದೆವು. ಬಂದ ನೆಂಟರೊಬ್ಬರು, “ಕಾಶ್ಮೀರಕ್ಕೆ ಹೋಗಿದ್ರಾ?” ಎಂದು ಕೇಳಿದರು. ನಾನು ಅಡುಗೆಮನೆಗೆ ಓಡಿಹೋದೆ. ಜರಡಿ ಅಲ್ಲೇ ಮೊಳೆಗೆ ನೇತಾಡುತ್ತಿತ್ತು.

ಈಗ ಆ ಮಹಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಹೋದ ಡಿಸೆಂಬರಿನಲ್ಲಿ ಮಗಳ ಹಟಕ್ಕೆ ಸೋಲದೇವನಹಳ್ಳಿ ಕಡೆಯ ಒಂದು ಶೂಟಿಂಗ್ ಸ್ಟುಡಿಯೋಗೆ ಹೋಗಿದ್ದೆ. ಎಸಿ ಕೋಣೆ, ನೊರೆಯ ಹಿಮ ಉಗುಳುವ ಯಂತ್ರ, ನೂರು ಸಲ ಕ್ಲಿಕ್ಕಿಸಿ ತೊಂಬತ್ತನ್ನು ಅಳಿಸುವ ಕ್ಯಾಮೆರಾ. ಒಂದೇ ಒಂದು ಚಿತ್ರಕ್ಕಾಗಿ ಸ್ಟೂಲಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನೆನಪಾದಳು. ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿಗೆ, ನನ್ನ ಫೋನಿನಲ್ಲಿದ್ದ ಅಮ್ಮನ ಚಿತ್ರ ತೋರಿಸಿದೆ.

“ಅಷ್ಟೇನಾ ಮೇಡಂ? ಈ ಸ್ನೋ ಎಲ್ಲ ಒಂದ್ ನಿಮಿಷದಲ್ಲಿ ತೆಗೆದ್ಕೊಡ್ತೀನಿ,” ಅಂದಳು.

ತೆಗೆದೇಬಿಟ್ಟಳು; ಚುಕ್ಕೆಯಿದ್ದ ಜಾಗವನ್ನೆಲ್ಲ ಕಂಪ್ಯೂಟರೇ ತುಂಬಿತು. ಎರಡು ಕಣ್ಣು, ನಗುವ ತುಟಿ, ಒಂದೂ ಚುಕ್ಕೆಯಿಲ್ಲದ ಗಲ್ಲ. “ಅಜ್ಜಿ ಎಷ್ಟ್ ಚೆನ್ನಾಗಿದಾರಮ್ಮ!” ಎಂದಳು ಮಗಳು. ಇಷ್ಟು ವರ್ಷದ ನನ್ನ ತಪ್ಪನ್ನು ಯಾರೋ ಒರೆಸಿ ಹಾಕಿದ ಹಾಗಾಗಿ, ದಾರಿಯುದ್ದಕ್ಕೂ ಆಟೋದಲ್ಲಿ ಅದನ್ನೇ ನೋಡಿ ಅಳುತ್ತ ಬಂದೆ.

ಮನೆಯಲ್ಲಿ ಅಪ್ಪನ ಕೈಗೆ ಫೋನು ಕೊಟ್ಟೆ. ಪೊರೆ ತೆಗೆಸಿದ ಮೇಲೆ ಅವರ ಕಣ್ಣು ಚುರುಕು, ನೆನಪು ನನಗಿಂತ ಗಟ್ಟಿ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಪರದೆ ನಮ್ದು. ಸ್ವೆಟರ್ ನಮ್ದು. ಬೆಳಕೂ ನಂದೇ,” ಅಂದರು. “ಇವರ್ಯಾರಮ್ಮ?”

ಅವರಿಗೆ ಒಂದೇ ನೋಟ ಸಾಕಾಯಿತು. ನಾನು ಸೋಲದೇವನಹಳ್ಳಿಯಿಂದ ಮನೆಯ ತನಕ ಅವಳನ್ನು ಅಮ್ಮ ಎಂದುಕೊಂಡೇ ಬಂದಿದ್ದೆ.