ನರಹರಿಯವರ ಪರೀಕ್ಷಾ ಕಿಟಕಿ

ಸಿಕಂದರಾಬಾದಿನ ನಮ್ಮ ಸಾಫ್ಟ್‌ವೇರ್ ಕಚೇರಿಯಲ್ಲಿ, ಪರದೆಯ ಮೇಲೆ ಕಿಟಕಿ, ಗುಂಡಿಗಳನ್ನು ಮೂಡಿಸುವ ಸಿದ್ಧ ಕೋಡಿನ ಕಟ್ಟನ್ನು, ಅಂದರೆ ಲೈಬ್ರರಿಯನ್ನು, ಎಲ್ಲರ ಕಂಪ್ಯೂಟರಿಗೂ ಹಾಕಿಕೊಡುವವರು ಬೀದರಿನ ನರಹರಿ. ವಿಂಡೋಸ್ ಮುಂದೆ ಅವರು ಕಾಲ ಮೇಲೆ ಕಾಲು ಹಾಕಿ ಕೂರುತ್ತಾರೆ. ಲಿನಕ್ಸ್ ಎಂದರೆ ತೋಳು ಮಡಚುತ್ತಾರೆ. ಮ್ಯಾಕ್ ಮುಟ್ಟುವ ಮೊದಲು ಕೈ ತೊಳೆದು ಬರುತ್ತಾರೆ. ನಡುವೆ ಕೆಲಸ ನಿಂತರೆ, "ಇದಕ್ಕ ಇನ್ನೊಂದು ಲೈಬ್ರರಿ ಬೇಕಂತ್ರಿ, ಭಾಳ ಹಟ ಐತಿ," ಎಂದು ಬೀಗರ ಬೇಡಿಕೆ ತಿಳಿಸುವವರಂತೆ ಹೇಳುತ್ತಾರೆ. ಎಲ್ಲ ಸರಿಹೋದ ಮೇಲೆ ಪರೀಕ್ಷೆಗೆಂದು ಪುಟ್ಟ ಕಿಟಕಿಯೊಂದನ್ನು ತೆರೆಯುತ್ತಾರೆ, ಅದರಲ್ಲಿ ಕನ್ನಡದಲ್ಲಿ "ಊಟ ಆತೇನ್ರಿ?" ಎಂದಿರುತ್ತದೆ. ಕಚೇರಿಯವರು ಅದನ್ನು ತಪ್ಪು ಬರೆದ ತೆಲುಗು ಎಂದುಕೊಂಡು ಮುಚ್ಚುತ್ತಾರೆ. ಮೊನ್ನೆ ಕಾರ್ಕಳದಿಂದ ಹೊಸದಾಗಿ ಬಂದ ಶ್ರೀಲಕ್ಷ್ಮಿ ಮಾತ್ರ ಓದಿ, "ನಂದಾಯ್ತು ಸರ್, ನಿಮ್ದು?" ಎಂದಳು. ನರಹರಿ ರೂಢಿಯಂತೆ ತೆಲುಗಿನಲ್ಲಿ ಆಯಿತೆಂದರು. ಸ್ವಲ್ಪ ಹೊತ್ತಿನ ಮೇಲೆ ಕನ್ನಡದಲ್ಲಿ, "ಇಲ್ರಿ, ಇನ್ನೂ ಇಲ್ಲ," ಎಂದರು.