ಹಗ್ಗದ ತುದಿಯ ಭಾರ

ಉಪ್ಪುಂದದ ಕಡಲತಡಿಯಲ್ಲಿ ಕೈರಂಪಣಿ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಉಂಟು. ದೋಣಿಯವರು ಬಲೆಯನ್ನು ಅರ್ಧಚಂದ್ರದಂತೆ ಬಳಸಿ ನೀರಿಗೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತವರು ಎರಡು ಸಾಲಾಗಿ ಎಳೆಯುತ್ತಾರೆ. ದಾರಿಹೋಕನೊಬ್ಬ ಪ್ಯಾಂಟು ಮಡಚಿ ಸಾಲಿಗೆ ಸೇರಿಕೊಂಡರೂ ಅವನಿಗೆ ನಾಲ್ಕು ಬಂಗುಡೆ ಮೀನು ಸಿಗುತ್ತದೆ. ಅಂಥ ಊರಿನಲ್ಲಿ ಹಗ್ಗ ಮುಟ್ಟದೆ ಕುಳಿತಿರುತ್ತಿದ್ದ ಒಬ್ಬನೇ ಗಂಡಸು ನನ್ನ ಅಪ್ಪಯ್ಯ.

ಅಪ್ಪಯ್ಯ ಮಿಲಿಟರಿಯಿಂದ ಕಾಲು ಕುಂಟಿಸಿಕೊಂಡು ಬಂದವನು. ಸಂಜೆಯಾದರೆ ಕವುಚಿ ಹಾಕಿದ ದೋಣಿಯ ಮೇಲೆ ಕೂತು, ಬೇರೆಯವರು ಎಳೆಯುವುದನ್ನು ನೋಡುತ್ತಿದ್ದ. ಎದ್ದು ಹೋಗುತ್ತಲೂ ಇರಲಿಲ್ಲ, ಇಳಿದು ಬರುತ್ತಲೂ ಇರಲಿಲ್ಲ. "ಪೆನ್ಶನ್ ಬತ್ತ್, ಅವ್ರಿಗೆ ಹಗ್ಗ ಎಂತಕ್ಕೆ?" ಎಂದು ಸಾಲಿನಲ್ಲಿ ಯಾರಾದರೂ ನನಗೆ ಕೇಳುವಂತೆಯೇ ಹೇಳುವರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಉರಿದದ್ದು ಅವರ ಮೇಲೋ ಅಪ್ಪಯ್ಯನ ಮೇಲೋ ಎಂದು ಕೇಳಿದರೆ, ಇಬ್ಬರ ಮೇಲೂ. ನಮ್ಮ ಮನೆಯ ಮರ್ಯಾದೆ ಉಳಿಸುವ ಗುತ್ತಿಗೆ ನನ್ನದೇ ಎಂಬಂತೆ, ಶಾಲೆಯ ಚೀಲ ಮರಳಿಗೆಸೆದು, ಇಬ್ಬರ ಪಾಲಿನದನ್ನು ನಾನೊಬ್ಬಳೇ ಎಳೆಯುತ್ತಿದ್ದೆ. ಹಟಮಾರಿ ಎಂದು ಅಮ್ಮ ಬೈಯುತ್ತಿದ್ದಳು. ಬೈಂದೂರು ಸಂತೆಯಲ್ಲಿ ಮೀನು ಮಾರುತ್ತಾ ಒಂದು ಮೀನಿಗಾಗಿ ಅರ್ಧ ಗಂಟೆ ಜಗಳ ಕಾಯುವವಳು ಇನ್ನೊಬ್ಬರನ್ನು ಹಟಮಾರಿ ಎನ್ನಬೇಕಾದರೆ ಧೈರ್ಯ ಬೇಕು.

ಯುದ್ಧದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ಉತ್ತರದ ಯಾವುದೋ ಚಳಿಯ ಗುಡ್ಡದ ತುದಿಯಲ್ಲಿ ಶತ್ರುಗಳು ಕಲ್ಲಿನ ಬಂಕರು ಕಟ್ಟಿಕೊಂಡು ಕೂತಿದ್ದರು. ಅದನ್ನು ಹಿಡಿಯಲು ಅಪ್ಪಯ್ಯನ ತುಕಡಿಯನ್ನು ಕಳಿಸಿದ್ದರು. ಕೇಳಿದರೆ, "ಹತ್ತುಕೆ ಹೋದ್ದ್. ಆಯ್ಲಿಲ್ಲೆ" ಎಂದು ಮಾತು ಮುಗಿಸುತ್ತಿದ್ದ. ಗೆದ್ದು ಬಂದವರ ಮಕ್ಕಳಿಗೆ ಹೇಳಿಕೊಳ್ಳಲು ಕತೆಯಾದರೂ ಇರುತ್ತದೆ, ನನಗೆ ಅದೂ ಇರಲಿಲ್ಲ.

ಒಂದು ಸಂಜೆ ಬಲೆಗೆ ಮೀನು ಭರ್ತಿ ಬಿದ್ದಿತ್ತು. ಜನ ಕಡಿಮೆ, ಅಲೆ ಜೋರು. ನಮ್ಮ ಸಾಲಿನ ಮುಂದಿನವರ ಕಾಲಡಿಯ ಮರಳು ಜಾರಿತು, ನಾಲ್ಕಾರು ಮಂದಿ ಒಟ್ಟಿಗೆ ಬಿದ್ದರು. ಹಗ್ಗ ನನ್ನನ್ನು ನೀರಿನ ಕಡೆಗೆ ಎಳೆದುಕೊಂಡೇ ಹೋಯಿತು. "ಬಿಡ್ ಹೆಣ್ಣೆ, ಬಿಡ್!" ಎಂದು ಎಲ್ಲರೂ ಕೂಗಿದರು. ಅಪ್ಪಯ್ಯ ನೋಡುತ್ತಿದ್ದಾನಲ್ಲ, ನಾನು ಬಿಡುತ್ತೇನೆಯೇ? ಎದೆಮಟ್ಟದ ನೀರಿಗೆ ಬಂದಿದ್ದೆ, ಬಾಯಿಯೊಳಗೆಲ್ಲ ಉಪ್ಪು.

ಆಗ ಕುಂಟುಗಾಲಲ್ಲೇ ಓಡಿ ಬಂದವನು ನನ್ನನ್ನು ಹಿಡಿಯಲಿಲ್ಲ. ನನ್ನ ಮುಂದಕ್ಕೆ ಹೋಗಿ ಹಗ್ಗವನ್ನೇ ಹಿಡಿದುಕೊಂಡ. ಕಾಲು ಊರಿ, ಬೆನ್ನು ಹಿಂದಕ್ಕೆ ಕೊಟ್ಟು ನಿಂತ. ಬಿದ್ದವರು ಎದ್ದು ಬಂದು ಸೇರಿಕೊಂಡರು. ಬಲೆ ದಡಕ್ಕೆ ಬಂತು. ಒಳಗೆಲ್ಲ ಬಂಗುಡೆ ಬೆಳ್ಳಗೆ ಕುಣಿಯುತ್ತಿತ್ತು. ಅಪ್ಪಯ್ಯ ಮಾತ್ರ ಹಗ್ಗ ಬಿಡದೆ ನಿಂತೇ ಇದ್ದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

"ಭಾರ ಇತ್ತ್ ಕಾಣ್ ಮಗಾ," ಎಂದ. "ಕೊನೆ ತನ್ಕ ಭಾರ ಇತ್ತ್."

ನನ್ನನ್ನು ದೋಣಿಯ ಮರೆಯಲ್ಲಿ ಕೂರಿಸಿ, ತನ್ನ ಪಂಚೆಯಿಂದ ತಲೆ ಒರೆಸುತ್ತಾ ಆವತ್ತು ಎಲ್ಲವನ್ನೂ ಹೇಳಿದ. ಕಡಿದಾದ ಗುಡ್ಡವನ್ನು ಕತ್ತಲಲ್ಲಿ ಇಬ್ಬಿಬ್ಬರು ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹತ್ತಿದ್ದರಂತೆ. ಅಪ್ಪಯ್ಯನ ಜೊತೆಯವನು ಉತ್ತರದ ಗೋಧಿ ಬೆಳೆಯುವ ಸೀಮೆಯವನು, ಕಡಲನ್ನೇ ಕಾಣದವನು. ಕೈರಂಪಣಿಯ ಕತೆಯನ್ನು ಮತ್ತೆ ಮತ್ತೆ ಹೇಳಿಸಿಕೊಂಡು, "ನಾನು ಬಂದರೆ ನನಗೂ ಪಾಲು ಕೊಡುತ್ತಾರಾ?" ಎಂದು ಕೇಳುತ್ತಿದ್ದನಂತೆ. ತುದಿ ಮುಟ್ಟುವ ಮೊದಲೇ ಬೆಳಕು ಹರಿಯಿತು. ಮೇಲಿನವರಿಗೆ ಇವರು ಬಯಲಲ್ಲಿ ನಿಂತಂತೆ ಕಂಡರು. ಬಂಕರಿನ ಕಿಂಡಿಗಳಿಂದ ಗುಂಡು ಸುರಿಯಿತು. ಮುಂದೆ ಹೋದವರು ಒಬ್ಬೊಬ್ಬರಾಗಿ ಬಿದ್ದರು, ಹಿಂದೆ ಸರಿಯಿರಿ ಎಂಬ ಆದೇಶ ಬಂತು. ಅಷ್ಟರಲ್ಲಿ ಕೆಳಗಿದ್ದ ಜೊತೆಯವನಿಗೆ ಗುಂಡು ತಗುಲಿ, ಅವನು ಕಾಲಿಗೆ ಆಧಾರವಿಲ್ಲದೆ ಹಗ್ಗದಲ್ಲಿ ತೂಗುತ್ತಿದ್ದ.

ಬಲೆ ದಡ ಸೇರುವ ತನಕ ಹಗ್ಗ ಬಿಡಬಾರದು ಎಂದು ಕಲಿತು ಬೆಳೆದವನು ಅಪ್ಪಯ್ಯ. ಬಂಡೆಯ ಸಂದಿಗೆ ಕಾಲು ಕೊಟ್ಟು ಹಿಡಿದುಕೊಂಡ. ಅಂಗೈ ಸುಲಿಯಿತು, ತೊಡೆಗೆ ಗುಂಡು ಬಿತ್ತು, ಬಿಡಲಿಲ್ಲ. ನೀನು ಹೋಗು ಎಂದು ಕೆಳಗಿನಿಂದ ಅವನು ಕೂಗಿದ. ಆಗದು ಎಂದು ಇವನು ಕೂಗಿದ.

"ಮತ್ತೆ ಹಗ್ಗ ಹಗೂರ ಆಯ್ತ್," ಎಂದ ಅಪ್ಪಯ್ಯ. "ನಾ ಬಿಡ್ಲಿಲ್ಲೆ ಮಗಾ. ಅವ್ನೇ ಗಂಟ್ ಬಿಚ್ಚಿದ."

ಹಗ್ಗದ ಭಾರದಲ್ಲೇ ಬಲೆಯೊಳಗೆ ಎಷ್ಟು ಮೀನಿದೆ ಎಂದು ಹೇಳಬಲ್ಲ ಜನ ನಾವು. ಖಾಲಿ ಹಗ್ಗ ಕೈಗೆ ಬರುವುದೆಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟು ದಿನ ಅವನ ಮೇಲೆ ಹೊತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ, ಅವನ ಅಂಗೈ ಹಿಡಿದುಕೊಂಡು ಅತ್ತುಬಿಟ್ಟೆ.

ಆಮೇಲೆ ಪಾಲು ಹಾಕುವ ಹೊತ್ತಾಯಿತು. ಬಲೆಯ ಯಜಮಾನರು ಅಪ್ಪಯ್ಯನ ಮುಂದೆ ಅವನ ಪಾಲು ಸುರಿದರು. ಅಪ್ಪಯ್ಯ ಅಲ್ಲಾಡಲಿಲ್ಲ.

"ಇನ್ನೊಂದ್ ಪಾಲ್ ಹಾಕಿ," ಎಂದ.

"ಯಾರಿಗೆ ಮಾರಾಯ್ರೆ?" ಎಂದು ಯಜಮಾನರು ಸುತ್ತ ನೋಡಿದರು. ಅಲ್ಲೇ ಮಾರಲು ಮೀನು ಕೊಂಡು ನಿಂತಿದ್ದ ಅಮ್ಮ ತನ್ನ ಹೆಡಗೆಗೆ ಕೈ ಹಾಕಿ, ಎರಡು ಬೊಗಸೆ ಬಂಗುಡೆ ತೆಗೆದು, ಅಪ್ಪಯ್ಯನ ಪಾಲಿನ ಪಕ್ಕದಲ್ಲಿ ಬೇರೆಯಾಗಿ ಇಟ್ಟಳು. ಒಂದು ಮೀನಿಗೆ ಜಗಳ ಕಾಯುವ ಅಮ್ಮ. ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತೆಂದು ನನಗೆ ಗೊತ್ತಾದದ್ದೂ ಆಗಲೇ.

"ಹ್ವಾಯ್, ಏಳಿ. ಚಳಿ ಹಿಡಿತ್ತ್," ಎಂದಳು.

ಈಗ ಕೈರಂಪಣಿ ಅಪರೂಪ. ಕಡಲ್ಕೊರೆತ ತಡೆಯಲು ತಡಿಯ ತುಂಬ ಕಲ್ಲು ಹಾಕಿದ್ದಾರೆ, ದೊಡ್ಡ ಬೋಟುಗಳಲ್ಲಿ ದುಡಿಯಲು ಉತ್ತರದ ಕಡೆಯ ಕೂಲಿಯವರು ಬಂದಿದ್ದಾರೆ. ಎಳೆಯುವುದಿದೆ ಎಂದು ಸುದ್ದಿ ಸಿಕ್ಕರೆ ನಾನು ಕುಂದಾಪುರದಿಂದ ಸ್ಕೂಟರ್ ಹತ್ತಿ ಓಡುತ್ತೇನೆ. ಅಪ್ಪಯ್ಯ ನನಗಿಂತ ಮೊದಲೇ ಸಾಲಿನಲ್ಲಿರುತ್ತಾನೆ. ಕೈಯಲ್ಲಿ ಬಲವಿಲ್ಲ, ಹಗ್ಗಕ್ಕೆ ಜೋತುಬೀಳುವುದಷ್ಟೇ. ಕೊನೆಯಲ್ಲಿ ಎರಡು ಪಾಲು ತೆಗೆದುಕೊಳ್ಳುತ್ತಾನೆ, ಈಗ ಯಾರೂ ಕೇಳುವುದಿಲ್ಲ. ಎರಡನೆಯದನ್ನು ದಡದಲ್ಲಿ ನೋಡುತ್ತ ನಿಂತ ಆ ಕೂಲಿಯವರಲ್ಲಿ ಯಾರಿಗಾದರೂ ಕೊಟ್ಟುಬಿಡುತ್ತಾನೆ. ನಾವು ಹಗ್ಗ ಮುಟ್ಟಲೇ ಇಲ್ಲವಲ್ಲ ಎಂದು ಅವರು ಹಿಂಜರಿದರೆ, ತನ್ನ ಹಳೆಯ ಮಿಲಿಟರಿ ಹಿಂದಿಯಲ್ಲಿ, ನಿಮ್ಮ ಕಡೆಯವನೊಬ್ಬ ಎಳೆದಿದ್ದಾನೆ, ತಕ್ಕೊಳ್ಳಿ ಎನ್ನುತ್ತಾನೆ.