ಅಳಿಸದೆ ಬಿಟ್ಟ ಪಟ್ಟಿ

ನನಗೆ ಕಂಪ್ಯೂಟರ್ ಬರುತ್ತದೆ ಎಂಬ ಸೊಕ್ಕು ಒಂದು ಕಾಲಕ್ಕೆ ಬಹಳ ಇತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಹುಕ್ಕೇರಿ ಕಡೆ ಅದನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಆರು ತಿಂಗಳ ಕೋರ್ಸ್ ಮುಗಿಸಿ, ಕನ್ನಡ ಟೈಪಿಂಗ್ ಕಲಿತು, ಗೋಕಾಕದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಎಲ್ಲರೂ ನನ್ನನ್ನು ಕಂಪ್ಯೂಟರ್ ಸರ್ ಎನ್ನುತ್ತಿದ್ದರು. ಇಪ್ಪತ್ಮೂರು ವರ್ಷದವನ ತಲೆ ತಿರುಗಲು ಅಷ್ಟು ಸಾಕು. ಈಗ ಯಾರಾದರೂ ಹಾಗೆ ಕರೆದರೆ ಎದ್ದು ಹೊರಗೆ ಹೋಗಬೇಕೆನಿಸುತ್ತದೆ.

ಸಂಸ್ಥೆ ನೋಡಿಕೊಳ್ಳುತ್ತಿದ್ದುದು ಎಚ್‌ಐವಿ ಇದ್ದವರನ್ನು. ನಮ್ಮ ಮಂದಿ ಆ ಹೆಸರನ್ನು ಬಾಯಲ್ಲಿ ತರುತ್ತಿರಲಿಲ್ಲ. ದೊಡ್ಡ ಜಡ್ಡು ಎನ್ನುತ್ತಿದ್ದರು, ಅದನ್ನೂ ಸಣ್ಣ ದನಿಯಲ್ಲಿ. ನಮ್ಮಲ್ಲಿ ದೊಡ್ಡ ಔಷಧವೇನೂ ಇರಲಿಲ್ಲ. ಜ್ವರಕ್ಕೆ, ಕೆಮ್ಮಿಗೆ, ಭೇದಿಗೆ ಮಾತ್ರೆ, ಬೆಳಗಾವಿಯ ಆಸ್ಪತ್ರೆಗೆ ಒಂದು ಚೀಟಿ, ಎದುರು ಕುಳಿತು ಕಷ್ಟ ಕೇಳುವ ಒಬ್ಬ ನರ್ಸಬಾಯಿ. ಅಷ್ಟಕ್ಕೇ ಜನ ಎರಡೆರಡು ಬಸ್ಸು ಬದಲಿಸಿ ಬರುತ್ತಿದ್ದರು.

ರಿಜಿಸ್ಟರಿನಲ್ಲಿ ಹೆಸರು ಬರೆಯುವಂತಿರಲಿಲ್ಲ, ನಂಬರು ಮಾತ್ರ. ಆದರೆ ಬರುವವರಿಗೆ ತಮ್ಮ ನಂಬರು ನೆನಪಿರುತ್ತಿರಲಿಲ್ಲ. ಕಾರ್ಡು ಕೊಟ್ಟರೆ ಮನೆಯವರು ನೋಡಿಯಾರು ಎಂದು ಬಸ್‌ಸ್ಟ್ಯಾಂಡಿನಲ್ಲಿಯೇ ಹರಿದು ಒಗೆಯುತ್ತಿದ್ದರು. ಮುಂದಿನ ಸಲ ಬಂದಾಗ ಇವರು ಯಾರು, ಯಾವ ಮಾತ್ರೆ ಕೊಟ್ಟಿದ್ದೆವು ಎಂದು ಹುಡುಕುವುದೇ ಒಂದು ಕೆಲಸ. ಹಾಗಾಗಿ ಕಂಪ್ಯೂಟರಿನಲ್ಲಿ ನಾನೇ ಒಂದು ಪಟ್ಟಿ ಮಾಡಿದೆ. ನಂಬರು, ಹೆಸರು, ಊರು, ಮನೆಯ ವಿವರ, ಎಲ್ಲ ಕನ್ನಡದಲ್ಲಿ, ಅಂದವಾಗಿ ಗೆರೆ ಎಳೆದು. ಮುಖ್ಯಸ್ಥರು ಒಮ್ಮೆ ಅದನ್ನು ನೋಡಿ ಹೆಸರು ಇಡಬೇಡಿ ಎಂದರು. ನಾನು ಹೂಂ ಎಂದು ನನ್ನ ಪಾಡಿಗೆ ಮುಂದುವರಿಸಿದೆ. ಕೆಲಸ ನಡೆಯಬೇಕಲ್ಲ ಎಂಬುದು ನನ್ನ ವಾದ.

ಆ ಪಟ್ಟಿಯಲ್ಲಿ ಮೂಡಲಗಿ ಹತ್ತಿರದ ಹಳ್ಳಿಯ ಒಬ್ಬ ಹೆಣ್ಣುಮಗಳಿದ್ದಳು. ಗಂಡ ಪುಣೆ ರಸ್ತೆಯಲ್ಲಿ ಲಾರಿ ಹೊಡೆಯುತ್ತಿದ್ದವನು, ವರ್ಷದೊಳಗೆ ಒಣಗಿ ಕಡ್ಡಿಯಾಗಿ ತೀರಿಹೋಗಿದ್ದ. ಒಬ್ಬಳೇ ಮಗಳು. ಆ ಮಗುವಿನ ರಕ್ತದಲ್ಲಿ ಏನೂ ಇಲ್ಲವೆಂದು ತಿಳಿದ ದಿನ ತಾಯಿ ನರ್ಸಬಾಯಿಯಿಂದ ಅದನ್ನು ಮೂರು ಸಲ ಹೇಳಿಸಿಕೊಂಡಳು. ಓದು ಬರಹ ಬರುತ್ತಿರಲಿಲ್ಲ. ಮೂಡಲಗಿಯಲ್ಲಿ ಪರಿಚಯದವರು ಕಂಡಾರೆಂದು ಗೋಕಾಕದವರೆಗೆ ಬರುತ್ತಿದ್ದಳು, ಊರಲ್ಲಿ ಕಣ್ಣಿನ ಔಷಧಕ್ಕೆ ಎಂದು ಹೇಳಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು, ಅಕ್ಕಾ ಎಂದು ಕರೆಯುತ್ತಿದ್ದೆ.

ಮೊದಲ ದಿನ ನಾನು ಹೆಸರು ಕೇಳಿದಾಗ ಆಕೆ ಹೇಳಲಿಲ್ಲ.

"ಹೆಸರ ಬರೀಬ್ಯಾಡ್ರಿ ಸರ. ಊರಾಗ ಗೊತ್ತಾದ್ರ ನನ್ನ ಕೈಯಾಗಿನ ನೀರೂ ಯಾರೂ ಕುಡಿಯಂಗಿಲ್ಲ."

"ಇದು ಕಾಗದ ಅಲ್ಲ ಅಕ್ಕಾ," ಎಂದೆ. "ತಿಜೋರಿ ಇದ್ದಂಗ. ಕೀಲಿಕೈ ನನ್ನ ಕಡೆ ಐತಿ."

ಆಕೆ ಆ ಕಂಪ್ಯೂಟರ್ ಪೆಟ್ಟಿಗೆಯನ್ನೂ ನನ್ನನ್ನೂ ನೋಡಿ ಹೆಸರು ಹೇಳಿದಳು. ನಾನು ಟೈಪ್ ಮಾಡಿಕೊಂಡೆ. ಸುಳ್ಳು ಹೇಳಿದೆನೆಂದು ನನಗೆ ಅನಿಸಲೇ ಇಲ್ಲ.

ಒಂದೆರಡು ವರ್ಷಕ್ಕೆ ಆಕೆಗೆ ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತು. ಮಾತ್ರೆಯ ಗರಜು ಇಲ್ಲದಿದ್ದರೂ ಅದನ್ನು ಹೇಳಲೆಂದೇ ಗೋಕಾಕಕ್ಕೆ ಬಂದಳು. ನೂರು ಮಕ್ಕಳ ಅನ್ನ ಒಂದೇ ಪಾತ್ರೆಯಲ್ಲಿ ಬೇಯಿಸುವುದು ಹೇಗೆ, ಸಾರಿಗೆ ಎಷ್ಟು ನೀರು ಎಂದೆಲ್ಲ ನರ್ಸಬಾಯಿಗೆ ವಿವರಿಸಿದಳು. ಮಕ್ಕಳು ತಾಟು ಹಿಡಿದುಕೊಂಡು ಮೊದಲು ತನ್ನ ಹತ್ತಿರವೇ ಓಡಿ ಬರುತ್ತವೆ ಎಂದಳು. ಮಗಳೂ ಅದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದಳು. ಆಕೆ ನಗುವುದನ್ನು ನಾನು ನೋಡಿದ್ದು ಆ ದಿನ ಮಾತ್ರ.

ಆಮೇಲೆ ಸಂಸ್ಥೆಗೆ ಬರುತ್ತಿದ್ದ ನೆರವು ನಿಂತಿತು. ಬಾಡಿಗೆ ಮನೆ ಬಿಡಬೇಕು, ಕುರ್ಚಿ, ಮೇಜು, ಹಳೆಯ ಕಂಪ್ಯೂಟರ್ ಎಲ್ಲ ಗುಜರಿಗೆ ಹಾಕಬೇಕು ಎಂದಾಯಿತು. ಮುಖ್ಯಸ್ಥರು ನನ್ನನ್ನು ಕರೆದು, ಒಳಗಿರುವುದನ್ನೆಲ್ಲ ಅಳಿಸಿಯೇ ಕೊಡಬೇಕು, ಒಂದು ಹೆಸರೂ ಉಳಿಯಬಾರದು ಎಂದು ಎರಡು ಸಲ ಹೇಳಿದರು. ಸಾಯಂಕಾಲ ನಾಲ್ಕಕ್ಕೆ ಗುಜರಿಯವನ ಟೆಂಪೊ ಬರುವುದಿತ್ತು. ನಾನು ಊಟ ಮುಗಿಸಿ ಕುಳಿತೆ.

ವರದಿಗಳನ್ನು ಅಳಿಸಿದೆ. ಪತ್ರವ್ಯವಹಾರವನ್ನು ಅಳಿಸಿದೆ. ಅಳಿಸಿದ್ದೆಲ್ಲ ಹೋಗಿ ಬೀಳುವ ಆ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ, ಅಷ್ಟು ನನಗೆ ಗೊತ್ತಿತ್ತು. ಕೊನೆಗೆ ಪಟ್ಟಿಯ ಹತ್ತಿರ ಬಂದು ಕೈ ನಿಂತಿತು. ನಾಲ್ಕು ವರ್ಷ ಒಬ್ಬೊಬ್ಬರನ್ನೂ ಕೇಳಿ, ಒಪ್ಪಿಸಿ, ಕೂಡಿಹಾಕಿದ್ದು. ಮುಂದಿನ ವರ್ಷ ಇನ್ನೊಂದು ಯೋಜನೆ ಬರುತ್ತದೆ ಎಂಬ ಮಾತು ಆಗ ಗಾಳಿಯಲ್ಲಿತ್ತು. ಬಂದರೆ ಈ ಜನರನ್ನು ಮತ್ತೆ ಎಲ್ಲಿಂದ ಹುಡುಕುವುದು? ಫ್ಲಾಪಿಯಲ್ಲಿ ಇಳಿಸಿಕೊಳ್ಳೋಣವೆಂದರೆ ಇದ್ದ ಮೂರೂ ಫ್ಲಾಪಿಗಳು ಕೆಟ್ಟಿದ್ದವು. ಪ್ರಿಂಟರು ಎರಡು ದಿನ ಮೊದಲೇ ಮಾರಾಟವಾಗಿತ್ತು. ಗುಜರಿಯವನ ಕಡೆ ಬಿದ್ದಿರುವ ಪೆಟ್ಟಿಗೆಯನ್ನು ಬೇಕಾದಾಗ ಹೋಗಿ ಕೇಳಿದರಾಯಿತು ಎಂದು ಲೆಕ್ಕ ಹಾಕಿದೆ.

ಆಗ ನನಗೊಂದು ಬುದ್ಧಿ ಹೊಳೆಯಿತು. ಆ ಬುದ್ಧಿ ಹೊಳೆಯದಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ.

ಆಗಿನ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಅದು ಒಳಗೆ ಏನೋ ಇಂಗ್ಲಿಷ್ ಗುರುತುಗಳನ್ನು ಇಟ್ಟುಕೊಂಡು, ಅವುಗಳ ಮೇಲೆ ಕನ್ನಡ ಫಾಂಟ್ ಹೊದಿಸಿ ನಮಗೆ ಕನ್ನಡವೆಂದು ತೋರಿಸುತ್ತಿತ್ತು. ಆ ಫಾಂಟನ್ನು ಕಿತ್ತುಹಾಕಿದರೆ ಅದೇ ಬರಹ ಪೌಂಡಿನ ಚಿಹ್ನೆ, ಕೊಂಬು ಮೂಡಿದ ಎ, ಬಾಲ ಬಿಟ್ಟ ಸಿ ಎಂದು ಹುಚ್ಚರ ಸಂತೆಯಾಗಿ ಕಾಣುತ್ತಿತ್ತು. ನಾನು ಫಾಂಟನ್ನು ಕಿತ್ತುಹಾಕಿ ಪಟ್ಟಿಯನ್ನು ತೆರೆದು ನೋಡಿದೆ. ಇನ್ನೂರು ಜನರಲ್ಲಿ ಒಬ್ಬರ ಹೆಸರೂ ಕಾಣಲಿಲ್ಲ. ಎಲ್ಲ ಚಿಹ್ನೆಗಳೇ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅಳಿಸಿದಂತೆಯೂ ಆಯಿತು, ಉಳಿಸಿದಂತೆಯೂ ಆಯಿತು. ಮುಖ್ಯಸ್ಥರಿಗೆ ಎಲ್ಲ ಅಳಿಸಿದೆ ಎಂದು ಹೇಳಿದೆ. ಟೆಂಪೊ ಬಂತು, ಹೋಯಿತು.

ಆ ಫಾಂಟ್ ನಮ್ಮ ಸುತ್ತಿನ ಪ್ರತಿ ಟೈಪಿಂಗ್ ಅಂಗಡಿಯಲ್ಲಿಯೂ ಇತ್ತು. ಮದುವೆ ಕಾರ್ಡು, ಅರ್ಜಿ, ಕರಪತ್ರ ಎಲ್ಲ ಅದರಲ್ಲಿಯೇ ಆಗುತ್ತಿದ್ದವು. ನಾನು ಅದನ್ನು ಕಲಿತದ್ದೂ ಅಂಥದೇ ಒಂದು ಅಂಗಡಿಯಲ್ಲಿ. ಇಷ್ಟು ಗೊತ್ತಿದ್ದವನಿಗೆ ಆ ಮಧ್ಯಾಹ್ನ ಇದು ನೆನಪಿಗೆ ಬರಲಿಲ್ಲ ಎಂದರೆ ಯಾರು ನಂಬುತ್ತಾರೆ? ನಾನೇ ನಂಬುವುದಿಲ್ಲ. ನೆನಪಿಗೆ ಬಂದಿದ್ದರೂ ಜಾಣತನದ ಅಮಲಿನಲ್ಲಿ ಅತ್ತ ಸರಿಸಿರಬೇಕು.

ಯೋಜನೆ ಬರಲಿಲ್ಲ. ನಾನು ಗೋಕಾಕದ ಮಾರ್ಕೆಟ್ಟಿನಲ್ಲಿ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಕುಳಿತೆ. ಕೆಲವು ತಿಂಗಳ ಮೇಲೆ ಒಂದು ದಿನ ಆಕೆ ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಸಂಸ್ಥೆಯ ಹಳೆಯ ಮನೆಗೆ ಹೋಗಿ, ಅಲ್ಲಿ ಕೇಳಿ, ಇಲ್ಲಿ ಕೇಳಿ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಮೂಡಲಗಿಯ ಒಂದು ಕಂಪ್ಯೂಟರಿನಲ್ಲಿ ತನ್ನ ಹೆಸರು ಬಂದಿದೆಯಂತೆ, ಊರೆಲ್ಲ ಅದೇ ಮಾತು ಎಂದಳು. ಒಂದು ವಾರದಿಂದ ಶಾಲೆಯಲ್ಲಿ ಮಕ್ಕಳು ಆಕೆ ಬಡಿಸಿದ್ದನ್ನು ಉಣ್ಣುತ್ತಿರಲಿಲ್ಲ. ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು. ಬೇಯಿಸಿದ ಅನ್ನವನ್ನು ಎಮ್ಮೆಗಳಿಗೆ ಹಾಕುತ್ತಿದ್ದರು. ಸಾಲಿನಲ್ಲಿ ತಾಟು ಹಿಡಿದು ಕೂರುತ್ತಿದ್ದವಳು ಆಕೆಯ ಮಗಳೊಬ್ಬಳೇ.

ನನಗೆ ಎಲ್ಲವೂ ಒಂದೇ ಸಲಕ್ಕೆ ತಿಳಿಯಿತು. ಅದನ್ನು ನಾನು ಅಳಿಸಿರಲಿಲ್ಲ ಎಂದು ಹೇಳಿಬಿಟ್ಟೆ. ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟಾದರೂ ಹಗುರಾಗುತ್ತಿತ್ತು. ತುಂಬ ಸರಳವಾದ ಒಂದು ಮಾತು ಹೇಳಿದಳು.

"ಕಂಪ್ಯೂಟರದಾಗ ಬಂದೈತಿ ಅಂತ ಮಂದಿ ನಂಬ್ಯಾರ. ನೀವ ಇನ್ನೊಂದ ಬರದ ಕೊಡ್ರಿ, ಹೆಸರ ತಪ್ಪಿ ಬಿದ್ದೈತಿ ಅಂತ. ಅದನ್ನೂ ನಂಬತಾರ."

ಮೊದಲು ಮೂಡಲಗಿಗೆ ಹೋದೆ. ಗುಜರಿಯವನಿಂದ ಕಂಪ್ಯೂಟರ್ ಕೊಂಡಿದ್ದವನು ಸಂತೆ ಬೀದಿಯ ಬಾಜೂಕ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ, ಜಗಳ ಮಾಡುವಂಥ ಮನುಷ್ಯನೇ ಅಲ್ಲ ಆತ. ಫಾಂಟ್ ಹಾಕಿದ ಮೇಲೆ ಕನ್ನಡ ಸರಿಯಾಗಿ ಬರುತ್ತದೆಯೋ ಇಲ್ಲವೋ ನೋಡಲು ಅದರಲ್ಲಿಯೇ ಇದ್ದ ಒಂದು ಫೈಲನ್ನು ತೆರೆದನಂತೆ. ಹುಚ್ಚರ ಸಂತೆ ಮಾಯವಾಗಿ, ತಲೆಬರಹದಲ್ಲಿ ಕಾಯಿಲೆಯ ಹೆಸರು, ಅದರ ಕೆಳಗೆ ಇನ್ನೂರು ಜನರ ಹೆಸರು ಸಾಲಾಗಿ ನಿಂತವು. ನೋಡಿ ಹೆದರಿ ಆ ದಿನವೇ ಅಳಿಸಿದ್ದ. ಆದರೆ ಅಷ್ಟರಲ್ಲಿ ಒಂದು ಹೆಸರು ಕಣ್ಣಿಗೆ ಬಿದ್ದಿತ್ತು, ಅದರ ಮುಂದೆ ಬರೆದಿದ್ದ ಊರು ಅವನ ಹೆಂಡತಿಯ ತವರೂರು.

"ನಾನೇನ ಡಂಗುರ ಸಾರಿಲ್ರಿ," ಎಂದ. "ನನ್ನ ಹೆಂಡ್ತಿ ತಮ್ಮನ ಹುಡುಗೂರು ಅದ ಸಾಲ್ಯಾಗ ಉಣ್ಣತಾವ. ಅವಗೊಬ್ಬಗ ಹೇಳಿದ್ನಿ. ಹೇಳದ ಹ್ಯಾಂಗಿರಲಿ?"

ನಾನು ಅವನ ಕುರ್ಚಿಯಲ್ಲಿ ಕುಳಿತು ಒಂದು ಗಂಟೆ ಕಂಪ್ಯೂಟರನ್ನೆಲ್ಲ ಜಾಲಾಡಿದೆ. ಪಟ್ಟಿ ಎಲ್ಲಿಯೂ ಇರಲಿಲ್ಲ. ನನ್ನಿಂದ ಆಗದ ಕೆಲಸವನ್ನು ಆತ ಎರಡು ಗುಂಡಿ ಒತ್ತಿ ಮಾಡಿ ಮುಗಿಸಿದ್ದ. ಚಹಾ ಕುಡಿಸಿ ಕಳಿಸಿದ.

ಮರುದಿನ ಆಕೆ ಕೇಳಿದ ಪತ್ರವನ್ನು ಟೈಪ್ ಮಾಡಿದೆ. ಸಂಸ್ಥೆಯ ಪಟ್ಟಿಯಲ್ಲಿ ಈ ಹೆಸರು ಕಣ್ತಪ್ಪಿನಿಂದ ಸೇರಿದೆ, ಇವರಿಗೂ ಆ ಕಾಯಿಲೆಗೂ ಸಂಬಂಧವಿಲ್ಲ ಎಂದು ನಾಲ್ಕು ಸಾಲು. ಇಂಥ ಸುಳ್ಳನ್ನು ಸಾವಿರ ಬೇಕಾದರೂ ಬರೆಯುತ್ತಿದ್ದೆ. ಪತ್ರ ಹಿಡಿದು ಆಕೆಯ ಜೊತೆ ಶಾಲೆಗೆ ಹೋದೆ.

ಹೆಡ್‌ಮಾಸ್ತರರು ಮರ್ಯಾದಸ್ಥರು. ಕುರ್ಚಿ ಕೊಟ್ಟರು. ಪತ್ರವನ್ನು ಪೂರ್ತಿ ಓದಿದರು. ಉಣ್ಣುವುದರಿಂದ ಈ ಕಾಯಿಲೆ ಅಂಟುವುದಿಲ್ಲವೆಂದು ತಮಗೆ ಗೊತ್ತಿದೆ, ತಾವೇ ಮಕ್ಕಳಿಗೆ ಪಾಠ ಹೇಳುತ್ತೇವೆ ಎಂದರು. ಆದರೆ ಪಾಲಕರು ದಿನಾ ಬಂದು ಗೇಟಿನಲ್ಲಿ ನಿಲ್ಲುತ್ತಾರೆ, ಅನ್ನ ದಿನಾ ಹಾಳಾಗುತ್ತದೆ, ತಾವೇನು ಮಾಡಬೇಕು ಎಂದು ನನ್ನನ್ನೇ ಕೇಳಿದರು. ಪತ್ರಕ್ಕೆ ಸೀಲಿಲ್ಲ ಎಂಬುದನ್ನೂ ಗಮನಿಸಿದರು. ಮುಚ್ಚಿಹೋದ ಸಂಸ್ಥೆಯ ಸೀಲನ್ನು ನಾನು ಎಲ್ಲಿಂದ ತರಲಿ? ಊರನ್ನೆಲ್ಲ ನಂಬಿಸಿದ ಆ ಪಟ್ಟಿಗೂ ಸೀಲಿರಲಿಲ್ಲ.

"ಸೀಲ್ ಬಿಡ್ರಿ, ಅದು ದೊಡ್ಡ ಮಾತಲ್ಲ," ಎಂದರು ಹೆಡ್‌ಮಾಸ್ತರರು, ಆಕೆಯ ಕಡೆ ತಿರುಗಿ, ನಿಜವಾಗಿಯೂ ಅಂತಃಕರಣದಿಂದ. "ನೀ ಒಂದ ಕೆಲಸ ಮಾಡವಾ. ದವಾಖಾನಿಗೆ ಹೋಗಿ ರಕ್ತ ತೋರಿಸಿ ಏನೂ ಇಲ್ಲಂತ ಒಂದ ಚೀಟಿ ತಗೊಂಡ ಬಾ. ಎಲ್ಲಾರ ಮುಂದ ನಾನ ಮೊದಲ ನಿನ್ನ ಕೈಲೆ ಉಣ್ಣತೇನಿ."

ಆಕೆ ಆಗಲಿ ಎಂದಳು. ಬೇರೆ ಏನು ಹೇಳಲು ಸಾಧ್ಯವಿತ್ತು? ಮೇಜಿನ ಮೇಲಿದ್ದ ಪತ್ರವನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು ಹೊರಗೆ ಬಂದಳು. ಬಸ್ಸಿನವರೆಗೆ ನನ್ನೊಂದಿಗೆ ನಡೆದಳು. ಎದುರು ಬಂದ ಇಬ್ಬರು ಹೆಂಗಸರು ರಸ್ತೆಯ ಆ ಬದಿಗೆ ಸರಿದರು. ನಾನು ಮುಂದಿನ ವಾರ ಬೆಳಗಾವಿಗೆ ಹೋಗಿ ಸಂಸ್ಥೆಯ ಮುಖ್ಯಸ್ಥರನ್ನು ಕಾಣುತ್ತೇನೆ ಎಂದೆ. ಅದರಿಂದ ಏನೂ ಆಗುವುದಿಲ್ಲವೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಆಕೆಗೂ ಗೊತ್ತಿದ್ದಿರಬೇಕು.

ನಾಲ್ಕು ದಿನ ಬಿಟ್ಟು ಅಂಗಡಿಗೆ ಬಂದಳು. ಕೆಲಸ ಬಿಡಿಸಿದ್ದರು. ಮಗಳನ್ನು ಶಾಲೆಯಿಂದ ಬಿಡಿಸಿಕೊಂಡು, ಮಹಾರಾಷ್ಟ್ರದ ಕಡೆ ಇಟ್ಟಂಗಿ ಭಟ್ಟಿಯ ಕೆಲಸಕ್ಕೆ ಹೋಗುವವಳಿದ್ದಳು. ಅಲ್ಲಿ ತಮ್ಮನ್ನು ಯಾರೂ ಅರಿಯರು, ಮಗಳನ್ನು ಅಲ್ಲಿಯೇ ಯಾವುದಾದರೂ ಶಾಲೆಗೆ ಹಾಕುತ್ತೇನೆ ಎಂದಳು. ಔಷಧ ಎಲ್ಲಿ ಸಿಗುತ್ತದೆ ಎಂದು ನಾನು ಹೇಳಹೊರಟರೆ ಕೈ ಅಡ್ಡ ಮಾಡಿದಳು. ಆ ಪತ್ರವನ್ನು ಮೇಜಿನ ಮೇಲೆ ಇಟ್ಟು, ಇದು ನಿಮ್ಮ ಕಂಪ್ಯೂಟರಿನೊಳಗೂ ಇರುತ್ತದಲ್ಲ, ಅದನ್ನು ಈಗ ತನ್ನೆದುರಿಗೇ ಅಳಿಸಬೇಕು ಎಂದಳು.

ಅಳಿಸಿದೆ. ಬುಟ್ಟಿಯಿಂದಲೂ ತೆಗೆದೆ. ಕಾಗದವನ್ನು ಹರಿದು ಚೂರು ಮಾಡಿ ಆಕೆಯ ಕೈಗೇ ಕೊಟ್ಟೆ. ಆಕೆ ಓದಲು ಬಾರದ ಆ ಪರದೆಯನ್ನು ನೋಡುತ್ತ ನಿಂತೇ ಇದ್ದಳು.

"ಹೋತೇನ್ರಿ?"

"ಹೋತು ಅಕ್ಕಾ."

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಮೊದಲಿನ ಪಟ್ಟ್ಯಾಗ ನನ್ನ ಮಗಳ ಹೆಸರ ಬರದಿದ್ದಿಲ್ಲ ಹೌದಿಲ್ರಿ?"

"ಇಲ್ಲ," ಎಂದೆ.

ಆಕೆ ನನ್ನ ಮುಖವನ್ನು ನೋಡಿದಳು, ನಂಬಲಿಲ್ಲ, ಹೋದಳು. ಮಗಳ ಹೆಸರು, ವಯಸ್ಸು, ಕಲಿಯುವ ಶಾಲೆ ಎಲ್ಲವನ್ನೂ ತಾಯಿಯ ಹೆಸರಿನ ಕೆಳಗೆ ನಾನೇ ಬರೆದಿದ್ದೆ.